ನೇಪಾಳದ ಬಡತನದಲ್ಲಿ ನಮ್ಮ ಪಾಲೂ ಇದೆ

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್‌ನಲ್ಲಿ ನೇಪಾಳದ ಯುವಜನರ ಪ್ರತಿಭಟನೆಯ ವೇಳೆ ಕಠ್ಮಂಡುವಿನ ಸಂಸತ್ ಭವನವೂ ಸರ್ಕಾರದ ಸಚಿವಾಲಯವಿರುವ ಸಿಂಗ ದರ್ಬಾರೂ ಹೊತ್ತಿ ಉರಿದಾಗ ನಮ್ಮ ಪತ್ರಿಕೆಗಳು, ಟಿ.ವಿ.ಗಳು ಕೆಲ ದಿನ ನೇಪಾಳವನ್ನೇ ಹಾಸಿ ಹೊದ್ದವು. ಸಾಮಾಜಿಕ ಜಾಲತಾಣಗಳ ನಿಷೇಧ, ರಾಜಕಾರಣಿಗಳ ಮಕ್ಕಳ ಐಷಾರಾಮ, ಪ್ರಧಾನಿ ಓಲಿ ರಾಜೀನಾಮೆ, ಮಧ್ಯಂತರ ಪ್ರಧಾನಿಯಾಗಿ ಸುಶೀಲಾ ಕರ್ಕಿ ಪ್ರಮಾಣವಚನ ಎಲ್ಲವೂ ಬಂತು. ಆ ಹುಡುಗರಿಗೆ ಊರಲ್ಲಿ ಕೆಲಸವಿಲ್ಲ ಎಂಬುದು ಮಾತ್ರ ಒಂದೆರಡು ಸಾಲಿನಲ್ಲಿ ಮುಗಿದುಹೋಯಿತು. ಯಾಕಿಲ್ಲ ಎಂದು ಕೇಳಿದರೆ ‘ಭೂಆವೃತ ದೇಶ, ಸಮುದ್ರವಿಲ್ಲ, ಏನು ಮಾಡೋಕಾಗುತ್ತೆ’ ಎಂಬ ಧಾಟಿ. ಇದು ಅರ್ಧ ನಿಜ. ಉಳಿದರ್ಧದಲ್ಲಿ ಅವರ ಸರ್ಕಾರವೂ ಇದೆ, ನಮ್ಮ ಸರ್ಕಾರವೂ ಇದೆ.

ಮೊದಲು ಅವರ ಸರ್ಕಾರದ ವಿಷಯ. 2024–25ರ ಆರ್ಥಿಕ ವರ್ಷದಲ್ಲಿ ಹೊರದೇಶಗಳಲ್ಲಿ ದುಡಿಯುವ ನೇಪಾಳಿಗಳು ಮನೆಗೆ ಕಳಿಸಿದ್ದು ಸುಮಾರು 1.72 ಲಕ್ಷ ಕೋಟಿ ನೇಪಾಳಿ ರೂಪಾಯಿ. ಅದೇ ವರ್ಷ ದೇಶ ಆಮದು ಮಾಡಿಕೊಂಡ ಸರಕಿನ ಬೆಲೆ ಸುಮಾರು 1.80 ಲಕ್ಷ ಕೋಟಿ. ರಫ್ತು 28 ಸಾವಿರ ಕೋಟಿಯನ್ನೂ ಮುಟ್ಟಲಿಲ್ಲ. ಅಂದರೆ ಕತಾರ್, ಮಲೇಷ್ಯಾ, ಸೌದಿಯಲ್ಲಿ ಬೆವರು ಸುರಿಸಿ ಕಳಿಸಿದ ಹಣ ಹೆಚ್ಚುಕಡಿಮೆ ಅಷ್ಟಕ್ಕಷ್ಟೇ ಪೆಟ್ರೋಲು, ಬೈಕು, ಮೊಬೈಲು, ಅಕ್ಕಿಯ ರೂಪದಲ್ಲಿ ಗಡಿ ದಾಟಿ ಹೊರಗೆ ಹೋಗುತ್ತದೆ. ಹಾಗೆ ಬರುವ ಸರಕಿನ ಮೇಲೆ ಸುಂಕದ ಕಟ್ಟೆಯಲ್ಲಿ ಬೀಳುವ ತೆರಿಗೆಯೇ ಅಲ್ಲಿನ ಬೊಕ್ಕಸಕ್ಕೆ ದೊಡ್ಡ ಆಸರೆ. ಯುವಕರು ಊರು ಬಿಟ್ಟಷ್ಟೂ ಸರ್ಕಾರಕ್ಕೆ ವರಮಾನ ಹೆಚ್ಚು. ಇಂಥ ಸರ್ಕಾರ ಕಾರ್ಖಾನೆ ಕಟ್ಟಲು ಯಾಕೆ ತಲೆ ಕೆಡಿಸಿಕೊಂಡೀತು?

ಈ ಹಣದಿಂದ ಒಳ್ಳೆಯದೇ ಆಗಿಲ್ಲ ಎನ್ನಲಾರೆ. 1995–96ರಲ್ಲಿ ನೇಪಾಳದ ನೂರಕ್ಕೆ 42 ಮಂದಿ ಬಡತನದ ರೇಖೆಗಿಂತ ಕೆಳಗಿದ್ದರು. 2022–23ರ ಸಮೀಕ್ಷೆಯಲ್ಲಿ, ಬಡತನದ ಅಳತೆಗೋಲನ್ನು ಎತ್ತರಿಸಿದ ಮೇಲೂ, ಅದು 20ರ ಹತ್ತಿರಕ್ಕೆ ಇಳಿದಿತ್ತು. ಇಳಿಸಿದ್ದರಲ್ಲಿ ಯೋಜನಾ ಆಯೋಗಕ್ಕಿಂತ ಮನಿಯಾರ್ಡರಿನ ಕೈ ದೊಡ್ಡದು.

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿ ಮಾಡುವವರು ದೂರದ ಪಶ್ಚಿಮ ನೇಪಾಳದ ಅಛಾಮ್ ಜಿಲ್ಲೆಯವರು. ಬ್ಯಾಂಕಿನಲ್ಲಿ ಕೆಲಸ ಮಾಡಿದವನೆಂದು ತಿಳಿದು ಹಣ ಕಳಿಸುವ ಬಗ್ಗೆ ನನ್ನನ್ನು ಕೇಳುತ್ತಾರೆ. 1993ರಿಂದಲೂ ನಮ್ಮ ಒಂದು ರೂಪಾಯಿಗೆ ಅವರ ಒಂದು ರೂಪಾಯಿ ಅರವತ್ತು ಪೈಸೆ ಎಂದು ಕಟ್ಟಿಹಾಕಿರುವುದರಿಂದ ಲೆಕ್ಕ ಬಾಯಲ್ಲೇ ಆಗುತ್ತದೆ: ಇಲ್ಲಿ ಹತ್ತು ಸಾವಿರ ಕಳಿಸಿದರೆ ಅಲ್ಲಿ ಹದಿನಾರು. ಆ ದುಡ್ಡಲ್ಲಿ ಮನೆಯವರು ಏನು ಕೊಳ್ಳುತ್ತಾರೆ ಅಂದೆ. ‘ಚಾವಲ್, ಸಾರ್. ಇಂಡಿಯಾದ್ದೇ’ ಅಂದರು. 2023ರ ಜುಲೈನಲ್ಲಿ ನಾವು ಬಾಸ್ಮತಿಯಲ್ಲದ ಬೆಳ್ತಿಗೆ ಅಕ್ಕಿಯ ರಫ್ತು ನಿಲ್ಲಿಸಿದಾಗ ಇಲ್ಲಿ ಅದು ಬೆಲೆಯೇರಿಕೆ ತಡೆಯುವ ಕ್ರಮವಾಗಿತ್ತು. ನೇಪಾಳದ ಅಂಗಡಿಗಳಲ್ಲಿ ಬೆಲೆ ಏರಿದ್ದೇ ಅದರಿಂದ. ಅಕ್ಟೋಬರ್‌ನಲ್ಲಿ 95 ಸಾವಿರ ಟನ್ನಿಗೆ ಅನುಮತಿ ಸಿಗುವವರೆಗೆ ಅವರು ಕಾಯಬೇಕಾಯಿತು.

ಇನ್ನು ರಫ್ತಿನ ಕತೆ ಕೇಳಿದರೆ ನಗು ಬರುತ್ತದೆ. ನೇಪಾಳದಿಂದ ಹೋಗುವ ಸರಕಿನಲ್ಲಿ ಈಚೆಗೆ ಮೊದಲ ಸ್ಥಾನ ಸೋಯಾಬೀನ್ ಎಣ್ಣೆಯದು. ಸೋಯಾ ಅಲ್ಲಿ ಆ ಪ್ರಮಾಣದಲ್ಲಿ ಬೆಳೆಯುವುದೇ ಇಲ್ಲ. ಕಚ್ಚಾ ಎಣ್ಣೆ ದಕ್ಷಿಣ ಅಮೆರಿಕದಂಥ ದೂರದಿಂದ ಹಡಗಿನಲ್ಲಿ ಕೋಲ್ಕತ್ತದ ಕಡೆಗೆ ಬಂದು, ನಮ್ಮ ನೆಲದ ಮೇಲೆ ಗಡಿ ದಾಟಿ, ನೇಪಾಳದ ದಕ್ಷಿಣದ ಬಯಲು ತರಾಯಿಯ ರಿಫೈನರಿಯಲ್ಲಿ ಶುದ್ಧವಾಗಿ ಮತ್ತೆ ನಮ್ಮಲ್ಲಿಗೇ ಬರುತ್ತದೆ. ಭಾರತದಲ್ಲಿ ಸಂಸ್ಕರಿತ ಎಣ್ಣೆಗೆ ದೊಡ್ಡ ಸುಂಕವಿದೆ, ನೇಪಾಳದ ಸರಕಿಗೆ ವಿನಾಯಿತಿಯಿದೆ. ಆ ಅಂತರವೇ ಇಡೀ ಉದ್ದಿಮೆ. ಹಿಂದೆ ತಾಳೆ ಎಣ್ಣೆಯಲ್ಲೂ ಹೀಗೇ ನಡೆದಿತ್ತು. 2020ರ ಜನವರಿಯಲ್ಲಿ ನಾವು ಆಮದಿಗೆ ಕಡಿವಾಣ ಹಾಕಿದೆವು, ಅದು ಕುಸಿಯಿತು. ದಿಲ್ಲಿಯ ಒಂದು ಅಧಿಸೂಚನೆಗೆ ಉರುಳುವ ಇಂಥ ವ್ಯಾಪಾರವನ್ನು ರಫ್ತು ಎಂದು ಕರೆಯುವುದೇ ಕಷ್ಟ.

ಅವರಲ್ಲಿ ನಿಜವಾಗಿಯೂ ಇರುವುದು ನೀರು. ದಶಕದ ಹಿಂದೆ ಕಠ್ಮಂಡುವಿನಲ್ಲಿ ಚಳಿಗಾಲದಲ್ಲಿ ದಿನದ ಬಹುಪಾಲು ಕರೆಂಟು ಇರುತ್ತಿರಲಿಲ್ಲ. ಈಗ ಮಳೆಗಾಲದಲ್ಲಿ ಮಾರುವಷ್ಟು ಉತ್ಪಾದನೆಯಿದೆ. ಹೆಚ್ಚಿನವು ಅಣೆಕಟ್ಟಿನಲ್ಲಿ ನೀರು ಕೂಡಿಡದ, ಹರಿಯುವ ನದಿಯ ಯೋಜನೆಗಳಾದ್ದರಿಂದ ಚಳಿಗಾಲದಲ್ಲಿ ಮತ್ತೆ ನಮ್ಮಿಂದಲೇ ಕೊಳ್ಳಬೇಕು, ಅದು ಬೇರೆ ಮಾತು. ಹತ್ತು ವರ್ಷಗಳಲ್ಲಿ 10,000 ಮೆಗಾವಾಟ್ ಖರೀದಿಸುವ ಒಪ್ಪಂದಕ್ಕೆ 2024ರ ಜನವರಿಯಲ್ಲಿ ಭಾರತ ಸಹಿ ಹಾಕಿದೆ. ಒಳ್ಳೆಯದೇ. ಆದರೆ ಚೀನಾದ ಬಂಡವಾಳವಾಗಲಿ ಗುತ್ತಿಗೆದಾರನಾಗಲಿ ಇದ್ದ ಕಡೆಯ ವಿದ್ಯುತ್ ನಮಗೆ ಬೇಡವಂತೆ. 456 ಮೆಗಾವಾಟಿನ ಅಪ್ಪರ್ ತಾಮಾಕೋಶಿಯನ್ನು ನೇಪಾಳ ತನ್ನದೇ ಹಣದಲ್ಲಿ, ಜನಸಾಮಾನ್ಯರಿಗೂ ಷೇರು ಕೊಟ್ಟು ಕಟ್ಟಿತು. ಸಿವಿಲ್ ಕೆಲಸ ಚೀನಾದ ಕಂಪನಿ ಮಾಡಿತ್ತು ಎಂಬ ಕಾರಣಕ್ಕೆ ಅದರ ಕರೆಂಟಿಗೆ ನಾವು ಒಲ್ಲೆ ಎಂದೆವು. ನಮ್ಮ ಉಡುಪಿ ಜಿಲ್ಲೆಯ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಯಂತ್ರಗಳು ಬಂದದ್ದು ಎಲ್ಲಿಂದ? ಚೀನಾದಿಂದಲೇ. ಆ ಕರೆಂಟಿನಲ್ಲಿ ನಮ್ಮ ಮಿಕ್ಸಿ ತಿರುಗುತ್ತದೆ, ಯಾರಿಗೂ ದೇಶದ ಭದ್ರತೆಯ ಚಿಂತೆ ಬರುವುದಿಲ್ಲ.

ಸಮುದ್ರಕ್ಕೆ ದಾರಿ ಭೂಆವೃತ ದೇಶಗಳ ಹಕ್ಕು ಎಂದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಹೇಳುತ್ತದೆ. ಭಾರತವೂ ಅದನ್ನು ಅನುಮೋದಿಸಿದೆ. ಹಾಗಿದ್ದೂ 2015ರಲ್ಲಿ, ಸುಮಾರು ಒಂಬತ್ತು ಸಾವಿರ ಜನರನ್ನು ಕೊಂದ ಭೂಕಂಪವಾಗಿ ಐದು ತಿಂಗಳಾಗಿರಲಿಲ್ಲ, ಬಿಹಾರದ ಗಡಿಯ ರಕ್ಸೌಲ್–ಬೀರ್‌ಗಂಜ್ ಗಡಿ ನಾಕೆಯಲ್ಲಿ ಟ್ರಕ್ಕುಗಳು ನಿಂತವು. ಹೊಸ ಸಂವಿಧಾನವನ್ನು ವಿರೋಧಿಸಿದ, ತರಾಯಿಯ ಮಧೇಶಿಗಳ ಚಳವಳಿಯಿಂದ ಹಾಗಾಯಿತು ಎಂದು ದಿಲ್ಲಿ ಹೇಳಿತು. ನೇಪಾಳಿಗಳು ಅದನ್ನು ಭಾರತದ ದಿಗ್ಬಂಧನ ಎಂದೇ ಇಂದಿಗೂ ಕರೆಯುತ್ತಾರೆ, ಗ್ಯಾಸ್ ಇಲ್ಲದೆ ಸೌದೆ ಒಲೆ ಹಚ್ಚಿದವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಮರುವರ್ಷವೇ ಓಲಿ ಚೀನಾದೊಂದಿಗೆ ಸಾಗಣೆ ಒಪ್ಪಂದ ಮಾಡಿಕೊಂಡರು. ಆದರೆ ನೇಪಾಳದ ಗಡಿಯಿಂದ ಚೀನಾದ ಟಿಯಾಂಜಿನ್ ಬಂದರು ಮೂರು ಸಾವಿರ ಕಿ.ಮೀ.ಗೂ ದೂರ. ಕೋಲ್ಕತ್ತ ಬೀರ್‌ಗಂಜ್‌ನಿಂದ ಏಳುನೂರು ಕಿ.ಮೀ. ಆಸುಪಾಸು. 2025ರ ಜುಲೈನಲ್ಲಿ ಚೀನಾದ ಗಡಿಯಲ್ಲಿರುವ ರಸುವಾಗಢಿಯ ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋಯಿತು. ನಮ್ಮನ್ನು ಬಿಟ್ಟರೆ ಅವರಿಗೆ ಗತಿಯಿಲ್ಲ ಎಂಬುದು ಇಬ್ಬರಿಗೂ ಗೊತ್ತು, ತೊಂದರೆ ಇರುವುದೇ ಅಲ್ಲಿ.

ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ನೇಪಾಳ ಹೊರಬರಲು ವಿಶ್ವಸಂಸ್ಥೆ 2026ರ ನವೆಂಬರ್ 24 ಎಂದು ದಿನ ಗೊತ್ತುಮಾಡಿತ್ತು. ಹೊರಬಂದರೆ ಶ್ರೀಮಂತ ದೇಶಗಳಲ್ಲಿ ಅವರ ಜಮಖಾನೆ, ಸಿದ್ಧ ಉಡುಪುಗಳಿಗಿದ್ದ ಸುಂಕ ರಿಯಾಯಿತಿ ಕ್ರಮೇಣ ತಪ್ಪುತ್ತದೆ. ಆಗ ನೆರೆಯವರ ಮಾರುಕಟ್ಟೆ ಇನ್ನೂ ಮುಖ್ಯವಾಗುತ್ತದೆ. ಅಪ್ಪರ್ ತಾಮಾಕೋಶಿಯಂಥ ಯೋಜನೆಗಳ ಮೇಲಿನ ನಿರ್ಬಂಧವನ್ನು ಭಾರತ ತೆಗೆಯಲಿ. ರಾಜಕೀಯ ಮುನಿಸು ಏನೇ ಇರಲಿ, ನಾಕೆಗಳು ಮುಚ್ಚುವುದಿಲ್ಲ ಎಂಬ ಮಾತನ್ನು ಒಪ್ಪಂದದಲ್ಲೇ ಬರೆದುಕೊಡಲಿ. ನಮ್ಮ ರಾಜ್ಯದ ಸಂಸದರಲ್ಲಿ ಒಬ್ಬರಾದರೂ ಈ ಪ್ರಶ್ನೆ ಎತ್ತಬಹುದು. ತಮ್ಮ ಪತ್ರಿಕೆಯೂ ಒಬ್ಬ ವರದಿಗಾರರನ್ನು ರಕ್ಸೌಲ್‌ಗೆ ಕಳಿಸಿ, ಅಲ್ಲಿ ಸಾಲುಗಟ್ಟಿ ನಿಲ್ಲುವ ಟ್ರಕ್ ಚಾಲಕರನ್ನು ಮಾತನಾಡಿಸಿ ಬರೆಸಬೇಕೆಂದು ಕೋರುತ್ತೇನೆ.

– ನಿವೃತ್ತ ಬ್ಯಾಂಕ್ ನೌಕರ, ಬೆಂಗಳೂರು