ವಯೋಮಿತಿ: ಕೊನೆಯ ದಿನಕ್ಕೆ ಮೊದಲೇ ಪ್ರಶ್ನಿಸಿ

ಮಾನ್ಯರೇ,

ರಾಜ್ಯ ಸರ್ಕಾರಿ ನೌಕರಿಗೆ 1977ರ ಸಾಮಾನ್ಯ ನೇಮಕಾತಿ ನಿಯಮಗಳ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2 ಮತ್ತು 3ಕ್ಕೆ 38, ಪರಿಶಿಷ್ಟರಿಗೆ ಹಾಗೂ ಪ್ರವರ್ಗ 1ಕ್ಕೆ 40. ಲೆಕ್ಕ ಹಾಕುವುದು ಅರ್ಜಿಯ ಕೊನೆಯ ದಿನಕ್ಕೆ. ಹುದ್ದೆ ಖಾಲಿ ಬಿದ್ದು ವರ್ಷಗಟ್ಟಲೆ ಅಧಿಸೂಚನೆ ಬಾರದಿದ್ದರೆ ಅದಕ್ಕೆ ದಂಡ ತೆರುವವರು ಅಭ್ಯರ್ಥಿಗಳು. ಇದು ಘೋರ ಅನ್ಯಾಯ.

ಆದರೆ ‘ತಾರತಮ್ಯ’ ಎಂದಷ್ಟೇ ವಾದಿಸಿದರೆ ಸಾಲದು. ಸರ್ಕಾರಿ ನೌಕರಿಯಲ್ಲಿ ತಾರತಮ್ಯ ನಿಷೇಧಿಸುವ ಸಂವಿಧಾನದ 16(2)ನೇ ವಿಧಿ ಜಾತಿ, ಲಿಂಗ, ಜನ್ಮಸ್ಥಳ ಮೊದಲಾದವನ್ನು ಹೆಸರಿಸುತ್ತದೆ, ವಯಸ್ಸನ್ನಲ್ಲ. ಮಿತಿ ಮನಬಂದಂತೆ ನಿಗದಿಯಾಗಿದೆ ಎಂದು 14 (ಸಮಾನತೆ) ಮತ್ತು 16(1)ನೇ (ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶ) ವಿಧಿಯಡಿ ತೋರಿಸಬೇಕು. ಜನ್ಮದಿನಾಂಕ ಹಾಕಿದೊಡನೆ ಆನ್‌ಲೈನ್ ಅರ್ಜಿ ಮುಂದೆ ಹೋಗದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ನೇಮಕಾತಿ ಪ್ರಾಧಿಕಾರಕ್ಕೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊನೆಯ ದಿನಕ್ಕೆ ಮೊದಲೇ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಿ, ಅರ್ಜಿಯನ್ನು ತಾತ್ಕಾಲಿಕವಾಗಿ ಸ್ವೀಕರಿಸುವಂತೆ ಮಧ್ಯಂತರ ಆದೇಶ ಕೇಳಿ. ಪರೀಕ್ಷೆ ಮುಗಿದ ಮೇಲೆ ಹೋದವರಿಗೆ ವಿಳಂಬವೇ ಮುಳುವಾಗುತ್ತದೆ.

ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಆ ವರ್ಷದ ಆಗಸ್ಟ್ 1ಕ್ಕೆ ವಯಸ್ಸು ಲೆಕ್ಕವಾಗುತ್ತದೆ, ಪರೀಕ್ಷೆಯೂ ಪ್ರತಿವರ್ಷ ನಡೆಯುತ್ತದೆ. ಕೆಪಿಎಸ್‌ಸಿಗೂ ಅಂಥ ವೇಳಾಪಟ್ಟಿ ಬೇಕು. ಅಲ್ಲಿಯವರೆಗೆ, ಅಧಿಸೂಚನೆ ತಡವಾದಷ್ಟು ವರ್ಷಗಳ ಸಡಿಲಿಕೆ ನಿಯಮದಲ್ಲೇ ಸೇರಲಿ.

– ಓದುಗರು, ಧಾರವಾಡ