ಕೆರೆ ಏರಿ ಕಾಯುವವರಿಗೆ ಕೆಲಸ ಕಲಿಸಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸುವ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಎಷ್ಟೋ ವರ್ಷ ಒಣಗಿ ಬಿರುಕು ಬಿಟ್ಟು, ಜಾಲಿ ಬೆಳೆದು, ಹೆಗ್ಗಣ ಬಿಲ ತೋಡಿದ್ದ ಏರಿಗಳು, ಅಂದರೆ ಕೆರೆಯ ಮಣ್ಣಿನ ಕಟ್ಟೆಗಳು, ಈಗ ನೀರು ತಡೆದು ನಿಂತಿವೆ. ಕೆರೆ ಬತ್ತಿದ್ದ ಕಾಲದಲ್ಲಿ, ಕೆರೆ ಕಾಯ್ದು ಗದ್ದೆಗೆ ನೀರು ಬಿಡುವ ನೀರುಗಂಟಿಯ ಕೆಲಸವೇ ಅನೇಕ ಊರುಗಳಲ್ಲಿ ನಿಂತುಹೋಗಿತ್ತು. ಹಾಗಾಗಿ ಏರಿಯ ಹೊಣೆ ಈಗ ನಲ್ಲಿ ನೀರು ಬಿಡುವ ವಾಟರ್‌ಮನ್ ಮೇಲೋ, ಹೊಸದಾಗಿ ಗೆದ್ದ ಪಂಚಾಯಿತಿ ಸದಸ್ಯರ ಮೇಲೋ ಬೀಳುತ್ತಿದೆ. ತುಂಬಿದ ಕೆರೆಯನ್ನೇ ಸರಿಯಾಗಿ ಕಾಣದ ಹುಡುಗರ ಕೈಗೆ, ಕೆರೆಯಿಂದ ನೀರು ಹೊರಬಿಡುವ ತೂಬಿನ ಕೀಲಿ ಕೊಟ್ಟು ಸುಮ್ಮನಾಗುವುದು ಸರಿಯಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದ ಕಟ್ಟೆಗಳಿಗೆ, ಕೆಲವು ಷರತ್ತುಗಳ ಮೇಲೆ 10 ಮೀಟರ್ ದಾಟಿದವಕ್ಕೆ ಅನ್ವಯಿಸುತ್ತದೆ. ಊರ ಕೆರೆಗಳಲ್ಲಿ ಬಹುಪಾಲು ಅದರ ಹೊರಗೇ ಉಳಿದಿವೆ. ಅವನ್ನು ಕಾಯುವುದು ಊರಿನವರ ಕಣ್ಣು ಮಾತ್ರ.

ಏರಿ ಒಡೆದ ಮರುದಿನ 'ಒಂದೇ ರಾತ್ರಿಗೆ ಹೋಯಿತು' ಎನ್ನುತ್ತಾರೆ. ಬಹಳ ಸಲ ಅದು ತಿಂಗಳುಗಟ್ಟಲೆ ಸೂಚನೆ ಕೊಟ್ಟೇ ಹೋಗಿರುತ್ತದೆ. ಗದ್ದೆ ಕಡೆಯ ಬುಡದಲ್ಲಿ ಬೇಸಿಗೆಯಲ್ಲೂ ಒಂದು ಕಡೆ ಮಾತ್ರ ಹುಲ್ಲು ಹಸಿರಾಗಿರುತ್ತದೆ. ಹಿಂದಿನ ವರ್ಷ ಇಲ್ಲದ ಜಾಗದಲ್ಲಿ ಜೊಂಡು ಏಳುತ್ತದೆ. ತೂಬಿನ ಕಾಲುವೆಯ ಗಾರೆ ಬಿಟ್ಟ ಸಂದಿನಲ್ಲಿ ನೀರು ಒಸರುತ್ತದೆ. ದಿನಾ ಅದೇ ದಾರಿಯಲ್ಲಿ ಓಡಾಡುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ, ಏಕೆಂದರೆ ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಕಾಣದು. ಆದ್ದರಿಂದಲೇ ಅಳೆದು ಬರೆದಿಡಬೇಕು.

ಒಸರುವ ನೀರನ್ನು ಸಣ್ಣ ಕಾಲುವೆ ತೋಡಿ ಒಂದು ಪೈಪಿನ ತುಂಡಿಗೆ ಕೂಡಿಸಿ, 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ಎಂದು ವಾರಕ್ಕೊಮ್ಮೆ ನೋಡಬೇಕು. 60 ಸೆಕೆಂಡ್ ಬೇಕಿದ್ದುದು 40ಕ್ಕೆ ಇಳಿದರೆ ಸೋರಿಕೆ ನಿಮಿಷಕ್ಕೆ 10 ಲೀಟರಿನಿಂದ 15ಕ್ಕೆ ಏರಿದೆ ಎಂದು ಅರ್ಥ. ಅದರ ಪಕ್ಕದಲ್ಲೇ ಕೆರೆಯ ಮಟ್ಟವನ್ನೂ ಬರೆಯಬೇಕು. ಕೆರೆಯ ಮಟ್ಟ ಏರಿದಾಗ ಸೋರಿಕೆ ಹೆಚ್ಚುವುದು ಸಹಜ. ಮಟ್ಟ ಅಷ್ಟೇ ಇದ್ದು ಮಳೆಯೂ ಇಲ್ಲದೆ ಸೋರಿಕೆ ಹೆಚ್ಚಿದರೆ ಅಪಾಯ. ಮಟ್ಟ ಓದಲು ತೂಬಿನ ಕಲ್ಲುಗಂಬದ ಮೇಲೆ 10 ಸೆಂ.ಮೀ.ಗೊಂದು ಗೆರೆ ಬಳಿದರೆ ಸಾಕು.

ಸೋರಿಕೆಯ ಪ್ರಮಾಣಕ್ಕಿಂತಲೂ ಮುಖ್ಯವಾದದ್ದು ಅದರ ಬಣ್ಣ. ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಮಣ್ಣು ಕೂತರೆ ಏರಿಯ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ, ನೀರು ಒಳಗೆ ಕೊಳವೆಯಂತೆ ದಾರಿ ಕೊರೆಯುತ್ತಿದೆ ಎಂದು ಅರ್ಥ. ಆಗ ಬಹಳಷ್ಟು ಮಂದಿ ಮಾಡುವ ತಪ್ಪೆಂದರೆ ಗದ್ದೆ ಕಡೆಯ ಬಾಯಿಗೆ ಜೇಡಿಮಣ್ಣು ಮೆತ್ತುವುದು. ಒಳಗೆ ಕಟ್ಟಿಕೊಂಡ ನೀರು ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ನೀರು ಹೊರಗೆ ಬರಲಿ, ಮಣ್ಣು ಮಾತ್ರ ನಿಲ್ಲಲಿ: ಮೊದಲು ದಪ್ಪ ಮರಳು, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹರಡಿ, ಸುತ್ತ ಮರಳು ಚೀಲ ಪೇರಿಸಬೇಕು. ಜೊತೆಗೆ ತೂಬು ತೆರೆದು ಕೆರೆ ಮಟ್ಟ ಇಳಿಸಬೇಕು. ಸಮಯ ಇದ್ದರೆ ನಿಧಾನವಾಗಿಯೇ ಇಳಿಸುವುದು ಒಳ್ಳೆಯದು. ತೀರಾ ಬೇಗ ಇಳಿಸಿದರೆ ಏರಿಯ ನೆನೆದ ಒಳಬದಿ, ಅಂದರೆ ಕೆರೆ ಕಡೆಯ ಮಣ್ಣು, ಜಾರಬಹುದು. ಇದೆಲ್ಲ ಎಂಜಿನಿಯರ್ ಬರುವವರೆಗಿನ ತಾತ್ಕಾಲಿಕ ಏರ್ಪಾಡು.

ಏರಿಯುದ್ದಕ್ಕೂ ಬಿರುಕು ಕಂಡರೆ ಎರಡೂ ತುದಿಗೆ ಸುಣ್ಣದಲ್ಲಿ ಗುರುತು ಮಾಡಿ ದಿನಾಂಕ ಬರೆದು, ಬಿರುಕಿನ ಆಚೀಚೆ ಒಂದೊಂದು ಗೂಟ ಹೊಡೆದು ಅಂತರ ಅಳೆಯಬೇಕು. ಏರಿಗೆ ಅಡ್ಡಲಾಗಿ, ಅಂದರೆ ಕೆರೆ ಕಡೆಯಿಂದ ಗದ್ದೆ ಕಡೆಗೆ ಹೋದ ಬಿರುಕಿದ್ದರೆ ಕಾಯದೆ ಎಂಜಿನಿಯರ್ ಅವರನ್ನು ಕರೆಸಬೇಕು.

ಕೆರೆ ತುಂಬಿ ಹೆಚ್ಚಾದ ನೀರು ಹರಿದುಹೋಗುವ ಕೋಡಿಯ ವಿಷಯದಲ್ಲಿ ಖಡಾಖಂಡಿತವಾಗಿರಬೇಕು. ಒಂದಡಿ ಹೆಚ್ಚು ನೀರು ನಿಲ್ಲಲಿ ಎಂದು ಕೋಡಿಗೆ ಮರಳು ಚೀಲ ಪೇರಿಸುವುದು, ಮೀನು ಹೋಗದಿರಲೆಂದು ಬಲೆ ಕಟ್ಟುವುದು ನಡೆದೇ ಇದೆ. ಬಲೆಗೆ ಕಳೆ ಸಿಕ್ಕಿಕೊಂಡರೆ ಅದು ಗೋಡೆಯೇ. ಆಗ ನೀರು, ಬೈಕು ದನ ಹತ್ತಿಳಿದು ತಗ್ಗಾದ ಜಾಗದಲ್ಲಿ ಏರಿಯನ್ನೇ ಹಾಯುತ್ತದೆ. ಆ ತಗ್ಗುಗಳನ್ನು ಮುಂಗಾರಿಗೆ ಮೊದಲೇ ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ಹುಡುಕಿ, ಮಣ್ಣು ಹಾಕಿ ದಮ್ಮಸು ಮಾಡಿಸಬೇಕು.

ಹೊಸಬರಿಗೆ ಇದೆಲ್ಲ ಒಂದೇ ದಿನ ಹೊರಿಸಿದರೆ ಹೆದರುತ್ತಾರೆ. ಮೊದಲ ತಿಂಗಳು ಮಟ್ಟ ಓದಿ ಬರೆಯುವುದಷ್ಟೇ ಅವರ ಕೆಲಸವಾಗಲಿ. ಆಮೇಲೆ ಬಕೆಟ್ ಲೆಕ್ಕ, ಬಿರುಕಿನ ಗುರುತು. ತೂಬು ಎತ್ತಿಳಿಸುವುದನ್ನು ಹಳೆಯ ನೀರುಗಂಟಿ ಊರಲ್ಲಿದ್ದರೆ ಅವರ ಜೊತೆ ನಿಂತು ಒಂದು ಮಳೆಗಾಲ ಕಲಿಯಲಿ. ಪಂಚಾಯಿತಿ ಅವರಿಬ್ಬರಿಗೂ ಕೂಲಿ ಕೊಡಬೇಕು.

ಇನ್ನೊಂದು ಮಾತು. ಸೋರುವ ನೀರು ಮಣ್ಣು ಬೆರೆತು ಕೆಂಪಗೆ ಬರುತ್ತಿದೆ ಎಂದು ಗೊತ್ತಾದರೂ ತೂಬು ತೆರೆಯಲು ಹೊಸಬರು ಹಿಂಜರಿಯುತ್ತಾರೆ. ಬೆಳೆಗೆ ಇಟ್ಟ ನೀರು ಪೋಲಾಯಿತೆಂದು ಕೆರೆ ನೀರು ಉಣ್ಣುವ ಅಚ್ಚುಕಟ್ಟಿನ ರೈತರು ಜಗಳಕ್ಕೆ ಬರುತ್ತಾರೆ. ಅಂಥ ಹೊತ್ತಿನಲ್ಲಿ ಯಾರನ್ನೂ ಕೇಳದೆ ತೂಬು ತೆರೆಯುವ ಅಧಿಕಾರ ಯಾರಿಗಿದೆ ಎಂಬುದನ್ನು ಗ್ರಾಮಸಭೆಯಲ್ಲೇ ಠರಾವು ಮಾಡಿ, ಹೆಸರು, ಮೊಬೈಲ್ ಸಂಖ್ಯೆ ಸಮೇತ ತೂಬಿನ ಗೋಡೆಗೆ ಬರೆಸಲಿ. ಈ ಮುಂಗಾರಿಗೆ ಮೊದಲೇ ಆಗಬೇಕಾದ ಕೆಲಸವಿದು.

– ಸಣ್ಣ ನೀರಾವರಿಯ ನಿವೃತ್ತ ಎಂಜಿನಿಯರ್, ಕೋಲಾರ