ಬೀಗ ಹಾಕಿದ ಮನೆಗಳ ಕಡೆ ನೋಡು

ಪ್ರೀತಿಯ ಅಳಿಯನಿಗೆ,

ಉಪ್ಪಳದಿಂದ ಮಾವನ ಆಶೀರ್ವಾದಗಳು.

ಡಿಗ್ರಿ ಮಾಡಿ ಹಿಡಿಸೂಡಿ ಹಿಡಿಯುವುದಾ ಅಂತ ನಿನ್ನ ಅಮ್ಮನಿಗೆ ಬೇಜಾರು. ಅವಳಿಗೆ ನಾನು ಹೇಳುತ್ತೇನೆ, ಬಿಡು. ನನಗೆ ಈ ಕ್ಲೀನಿಂಗ್ ಕೆಲಸದ ಬಗ್ಗೆ ತಕರಾರಿಲ್ಲ. ‘ಮನೆ, ಅಂಗಡಿ, ಆಫೀಸು, ಫ್ಲ್ಯಾಟು ಎಲ್ಲ ಕ್ಲೀನ್ ಮಾಡಿ ಕೊಡಲಾಗುವುದು’ ಅಂತ ನೋಟೀಸು ಹಾಕಲು ಹೊರಟಿದ್ದೀಯಲ್ಲ, ಅದಕ್ಕೆ ತಕರಾರು.

ಆಫೀಸಿನ ಕೆಲಸ ಹಿಡಿದರೆ ಬಿಲ್ಲು ಪಾಸಾಗುವವರೆಗೆ ಹುಡುಗರ ಕೂಲಿ ಯಾರು ಕೊಡುತ್ತಾರೆ? ತಲಪಾಡಿ ಗಡಿ ದಾಟಿ ಮಂಗಳೂರಿನ ಫ್ಲ್ಯಾಟುಗಳಿಗೆ ಹೋದರೆ ಅಲ್ಲಿ ಆಗಲೇ ಬೇಕಾದಷ್ಟು ಜನ ಇದ್ದಾರೆ, ದರ ಇಳಿಸಿ ಇಳಿಸಿಯೇ ನೀನು ಸುಸ್ತಾಗುತ್ತೀಯ. ಇನ್ನು ಜನ ವಾಸ ಇರುವ ಮನೆಗಳು. ಅಲ್ಲಿ ಕೆಲಸಕ್ಕೆ ಬರುವ ಹೆಂಗಸು ಇರುತ್ತಾಳೆ. ನಿನ್ನನ್ನು ಕರೆಯುವುದು ಮದುವೆಗೋ ಗೃಹಪ್ರವೇಶಕ್ಕೋ ಮಾತ್ರ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಗಲ್ಫಿನ ದುಡ್ಡಿನಲ್ಲಿ ಕಟ್ಟಿದ ದೊಡ್ಡ ದೊಡ್ಡ ಮನೆಗಳಿಗೆ ಏನು ಬರಗಾಲವೇ? ಮಂಜೇಶ್ವರದಿಂದ ಕುಂಬಳೆವರೆಗೆ ಒಳದಾರಿಯಲ್ಲಿ ಹೋಗಿ ನೋಡು. ಗೇಟಿಗೆ ಬೀಗ, ಸಿಟೌಟಿನಲ್ಲಿ ಬಾವಲಿ ಹಿಕ್ಕೆ. ಯಜಮಾನರು ದುಬೈನಲ್ಲೋ ದೋಹಾದಲ್ಲೋ. ನಿನ್ನ ಗಿರಾಕಿ ಅವರು.

ಬೀಗ ಹಾಕಿದ ಮನೆ ಎಷ್ಟು ಬೇಗ ಹಾಳಾಗುತ್ತದೆ ಅಂತ ಒಳಗೆ ಕಾಲಿಟ್ಟವರಿಗೇ ಗೊತ್ತು. ಮಳೆಗಾಲದಲ್ಲಿ ಕಪಾಟಿನೊಳಗಿನ ಬೆಲ್ಟು, ಚಪ್ಪಲಿಗೆಲ್ಲ ಬಿಳಿ ಬೂಸ್ಟು. ಅಂಗಳದ ಇಂಟರ್‌ಲಾಕ್ ಮೇಲೆ ಹಾವಸೆ, ಕಾಲಿಟ್ಟರೆ ಜಾರುತ್ತದೆ. ತಾರಸಿಯ ಪೈಪಿನ ಬಾಯಿಗೆ ತರಗೆಲೆ ಕಟ್ಟಿಕೊಂಡು ನೀರು ನಿಂತು, ಮೆಲ್ಲಗೆ ಸ್ಲ್ಯಾಬಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಇನ್ನೊಂದು ತರ. ಬಚ್ಚಲಿನ ಟ್ರ್ಯಾಪಿನಲ್ಲಿ, ಅಂದರೆ ನೀರು ಹೋಗುವ ತೂತಿನ ಕೆಳಗಿನ ಬಾಗಿದ ಭಾಗದಲ್ಲಿ, ನಿಂತ ನೀರೇ ಪೈಪಿನ ವಾಸನೆ ಮೇಲೆ ಬಾರದಂತೆ ತಡೆಯುವುದು. ತಿಂಗಳುಗಟ್ಟಲೆ ಬಳಸದಿದ್ದರೆ ಆ ನೀರು ಆವಿಯಾಗಿ ಹೋಗುತ್ತದೆ. ಮತ್ತೆ ಗಬ್ಬು ನಾತ, ಜಿರಳೆ. ತಡೆಯಲು ಬೇಕಾದ್ದು ಆಗಾಗ ಒಂದೊಂದು ಚೊಂಬು ನೀರು, ಅಷ್ಟೇ! ಆದರೆ ಅದನ್ನು ಹೊಯ್ಯಲು ಒಬ್ಬ ಒಳಗೆ ಹೋಗಬೇಕಲ್ವಾ? ಹಾಗಾಗಿ ಒಂದು ಸಲದ ಕೆಲಸ ಕೇಳಬೇಡ. ತಿಂಗಳಿಗೊಮ್ಮೆ ಬರುತ್ತೇನೆ ಅಂತ ವರ್ಷಕ್ಕೆ ಮಾತಾಡು.

ನಾನು ಅಂದಾಜಿಗೆ ಒಂದು ಲೆಕ್ಕ ಹಾಕಿದೆ. ಇಬ್ಬರಿಗೆ ತಲಾ 900 ಅಂತ ಕೂಲಿ 1,800. ಪೆಟ್ರೋಲು, ಸೋಪು ಎಲ್ಲ ಸೇರಿ 400. ಒಟ್ಟು 2,200. ಮನೆಗೆ 2,000 ತೆಗೆದುಕೊಂಡು ದಿನಕ್ಕೆ ಒಂದೇ ಮನೆ ಮಾಡಿದರೆ 200 ಕೈಯಿಂದ ಹೋಯಿತು. ಅದೇ ದಾರಿಯಲ್ಲಿ ಎರಡು ಮನೆ ಮಾಡಿದರೆ 1,800 ಉಳಿಯಿತು. ಬೆಳಗ್ಗೆ ಉಪ್ಪಳ, ಮಧ್ಯಾಹ್ನ ಮುಳ್ಳೇರಿಯ ಅಂತ ಓಡಿದರೆ ದಿನ ದಾರಿಯಲ್ಲೇ ಮುಗಿಯುತ್ತದೆ. ಮೊದಲು ಒಂದೇ ವಾರ್ಡು ಹಿಡಿ. ಸಂಜೆ ನಡೆದು ಹೋಗಿ ಯಾವ ಮನೆಯಲ್ಲಿ ದೀಪ ಉರಿಯುವುದಿಲ್ಲ ನೋಡು. ತೆಂಗಿನ ಮರ ಹತ್ತುವವರನ್ನು ಕೇಳು, ಯಾವ ಮನೆಯ ಕಾಯಿಯ ದುಡ್ಡು ಯಾರ ಕೈಗೆ ಹೋಗುತ್ತದೆ ಅಂತ ಅವರಿಗೆ ಗೊತ್ತು. ಆ ಕೈಯಲ್ಲೇ ಬೀಗದ ಕೈಯೂ ಇರುತ್ತದೆ.

ದೊಡ್ಡ ಕೆಲಸ ಬರುವುದು ಜೂನ್ ಕೊನೆಗೆ. ಗಲ್ಫಿನ ಶಾಲೆಗಳಿಗೆ ಜುಲೈ, ಆಗಸ್ಟ್ ರಜೆ, ಸಂಸಾರ ಸಮೇತ ಬರುತ್ತಾರೆ. ಇಲ್ಲಿ ಆಗ ಜಡಿಮಳೆ. ಒಗೆದ ಕರ್ಟನ್ ಒಣಗುವುದಿಲ್ಲ, ಅದನ್ನು ಮೇಯಲ್ಲೇ ಮುಗಿಸು. ಇನ್ನೊಂದು, ರಂಜಾನಿಗೆ ಮೊದಲು ಮುಸ್ಲಿಂ ಮನೆಗಳಲ್ಲಿ ಮಾಡಿನಿಂದ ಅಡಿಗೆಕೋಣೆವರೆಗೆ ತೊಳೆಯುವ ಕ್ರಮ ಇದೆ, ನನಚ್ಚುಕುಳಿ ಅಂತ. ಆಗ ಜನ ವಾಸ ಇರುವ ಮನೆಯವರೂ ಆಳು ಹುಡುಕುತ್ತಾರೆ. ರಂಜಾನ್ ವರ್ಷ ವರ್ಷ 10–11 ದಿನ ಮುಂಚೆ ಬರುತ್ತದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡು.

ಅವರು ದುಡ್ಡು ಕೊಡುವುದು ಸೋಪಿಗಲ್ಲ, ನಂಬಿಕೆಗೆ. ಮೊದಲ ಸಲ ಒಳಗೆ ಹೋಗುವಾಗ ಅವರ ಕಡೆಯವರು ಒಬ್ಬರು ಜೊತೆಗಿರಲಿ. ಬೀಗದ ಕೈ ತೆಗೆದುಕೊಂಡದ್ದು, ಕೊಟ್ಟದ್ದು ಪುಸ್ತಕದಲ್ಲಿ ಬರೆದು ಸಹಿ ಹಾಕಿಸು. ಹೋದ ಕೂಡಲೇ ಒಂದು ವೀಡಿಯೋ, ಬರುವಾಗ ಒಂದು, ವಾಟ್ಸಾಪಿನಲ್ಲಿ ಕಳಿಸು. ಮಲಯಾಳವೋ ಬ್ಯಾರಿಯೋ ತುಳುವೋ, ಅವರ ಮಾತಿನಲ್ಲೇ ವಾಯ್ಸ್ ಹಾಕು. ಅದು ನಿನಗೆ ಚೆನ್ನಾಗಿ ಬರುತ್ತದೆ, ಮಂಗಳೂರಿನ ಕಂಪನಿಯವರಿಗೆ ಅಷ್ಟು ಸುಲಭವಲ್ಲ.

ಹುಡುಗರ ಕೈಗೆ ಆಸಿಡ್ ಕೊಡಬೇಡ. ಮಾರ್ಬಲಿಗೆ ಬಿದ್ದರೆ ಹೊಳಪು ಹೋಯಿತು, ಪಾಲಿಶ್ ಖರ್ಚು ನಿನ್ನ ತಲೆಗೆ. ಆಸಿಡ್ಡೂ ಬ್ಲೀಚಿಂಗ್ ಪೌಡರೂ ಸೇರಿದರಂತೂ ಕ್ಲೋರಿನ್ ಬರುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಜೀವಕ್ಕೇ ಅಪಾಯ.

ಪ್ರೆಶರ್ ವಾಷರ್ ಈಗಲೇ ಕೊಳ್ಳಬೇಡ, ಬಾಡಿಗೆಗೆ ತಾ. ಮೊದಲು ಮನೆಗಳ ಪಟ್ಟಿ ಮಾಡಿಕೊಂಡು ಅಂಗಡಿಗೆ ಬಾ. ಅದರಲ್ಲಿ ಅರ್ಧಕ್ಕರ್ಧ ಮನೆಗೆ ಪೈಂಟು ಹೋದದ್ದು ನನ್ನ ಅಂಗಡಿಯಿಂದಲೇ. ಯಾರು ಕೇಳಿದ ಕೂಡಲೇ ದುಡ್ಡು ಕಳಿಸಿದ್ದರು, ಯಾರು ಓಡಾಡಿಸಿದ್ದರು ಅಂತ ಒಂದೊಂದಾಗಿ ಹೇಳುತ್ತೇನೆ.

ಇತಿ,
ನಿನ್ನ ಮಾವ